ಆಬ್ರೆ ಅಲ್ಲ, ಆಬ್ರಾ

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದ ಆಕೆಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು ಮೂಗು ಮೇಡಂ. ಮೂಗು ದೊಡ್ಡದೇನಲ್ಲ. ಆದರೆ ಕಂಡದ್ದಕ್ಕೆಲ್ಲ ಮೂಗು ಮುರಿಯುವುದರಲ್ಲಿ ಆಕೆಯನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಕೆಳಗಿನ ಅಂಗಡಿಯವನು ಟೈರಿಗೆ ಗಾಳಿ ತುಂಬುವ ಸದ್ದು ಕೇಳಿದರೆ ಸಾಕು, ‘ನಿಮಗಿಂತ ಆ ಟೈರೇ ವಾಸಿ, ತುಂಬಿದ್ದು ಒಳಗೆ ಉಳಿಯುತ್ತೆ’ ಎಂದು ತರಗತಿಗೆ ಚುಚ್ಚುತ್ತಿದ್ದಳು.

ಮೂರು ವಾಕ್ಯ ಕಲಿತು ಭಾಷೆ ಬರುತ್ತದೆ ಎನ್ನುವವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. ಅಂಥವರ ಬೇಳೆ ಬೇಯದ ಜಾಗ ಒಂದಿತ್ತು: ಸಬ್ಜಂಕ್ಟಿವ್. ‘ಬರ್ತಾನೆ’ ಎಂದು ಹೇಳಲು ಸ್ಪ್ಯಾನಿಷಿನಲ್ಲಿ ಒಂದು ರೂಪ. ‘ಬರಲಿ’ ಎಂದು ಬಯಸಲು, ‘ಬಂದಾನೆಯೇ’ ಎಂದು ಅನುಮಾನಿಸಲು, ‘ಬರಬೇಡಿ’ ಎಂದು ತಡೆಯಲು ಇನ್ನೊಂದು. ಆ ಪಾಠ ಶುರುವಾದ ವಾರ ಅರ್ಧ ತರಗತಿ ಖಾಲಿಯಾಗುತ್ತಿತ್ತು. ಆಕೆಗೆ ಅದೇ ಹಬ್ಬ.

“ಮೊದಲು ‘ನಾನು’ ರೂಪ ತಗೊಳ್ಳಿ. ಕೊನೇ ಒ ಕಿತ್ತುಹಾಕಿ. ಆರ್ ಗುಂಪಿನ ಕ್ರಿಯಾಪದಕ್ಕೆ ಎ ಹಚ್ಚಿ, ಎರ್ ಮತ್ತೆ ಇರ್ ಗುಂಪಿಗೆ ಆ ಹಚ್ಚಿ. ಇವರ ಟೋಪಿ ಅವರಿಗೆ, ಅವರ ಟೋಪಿ ಇವರಿಗೆ, ಅಷ್ಟೇ. ಮಾತಾಡೋದಕ್ಕೆ ಆಬ್ಲೊ, ಆಬ್ಲೆ. ತಿನ್ನೋದಕ್ಕೆ ಕೋಮೊ, ಕೋಮಾ. ತೆಂಗೊ, ತೆಂಗಾ.”

“ಮೇಡಂ, ತೆಂಗಾ ಅಂದ್ರೆ ತೆಂಗಿನಕಾಯಾ?” ಎಂದು ಬ್ಯಾಂಕಿನ ಗುಮಾಸ್ತೆಯೊಬ್ಬಳು ನಕ್ಕಳು.

“ಅದು ನಿಮ್ಮ ತಲೆ ಮೇಲೆ ಬೀಳಲಿ ಅಂತ ನಾನು ಆಸೆಪಡಬೇಕಾದ್ರೂ ಇದೇ ರೂಪ ಬೇಕು. ಬರ್ಕೊಳ್ಳಿ.”

ಆಕೆಯ ತಂಗಿಯ ಗಂಡ ಕುಕ್ಕರ್ ಕಾರ್ಖಾನೆಯಲ್ಲಿ ರಫ್ತು ವಿಭಾಗದ ಮ್ಯಾನೇಜರು. ಬಸ್ಸಿನಲ್ಲಿ ಹೋಗಿಬರುವಾಗ ಮೊಬೈಲ್ ಹಿಡಿದು ಸ್ಪ್ಯಾನಿಷ್ ಕಲಿತ ಮಹಾಶಯ. ಮನೆಗೆ ಬಂದವರಿಗೆಲ್ಲ ನಮಸ್ಕಾರದ ಬದಲು ‘ಓಲಾ’ ಎನ್ನುತ್ತಿದ್ದ, ಹಾಲಿನವಳನ್ನೂ ಬಿಟ್ಟಿರಲಿಲ್ಲ. ಸ್ಪ್ಯಾನಿಷ್ ಆಡುವ ನಾಡೊಂದಕ್ಕೆ ಕುಕ್ಕರ್ ಕಳಿಸುವ ಆರ್ಡರ್ ಬಂದಾಗ, ಜೊತೆಗೆ ಹೋಗಬೇಕಾದ ಬಳಕೆಯ ಸೂಚನೆಯ ಹಾಳೆಯನ್ನು ತಾನೇ ಬರೆಯುತ್ತೇನೆಂದು ಮಾಲೀಕರ ಮುಂದೆ ಎದೆ ತಟ್ಟಿಕೊಂಡ. ಬರೆದದ್ದನ್ನು ಒಂದು ಭಾನುವಾರ ಹೆಂಡತಿಯ ಜೊತೆ ಬಂದು ಅತ್ತಿಗೆಯ ಮುಂದೆ ಇಟ್ಟ.

“ಸುಮ್ನೆ ಒಂದ್ಸಲ ಕಣ್ಣಾಡಿಸಿ ಅತ್ತಿಗೆ. ತಪ್ಪೇನೂ ಇರಲ್ಲ.”

ಮೊದಲ ಸಾಲಿನಲ್ಲೇ ಆಕೆಯ ಬೆರಳು ನಿಂತಿತು. “ಇಲ್ಲಿ ‘ಲಾವಾ’ ಅಂತ ಹಾಕಿದ್ದೀರಿ. ಅದು ‘ತೊಳಿ’ ಅಂದಂಗೆ. ದುಡ್ಡು ಕೊಟ್ಟು ಕುಕ್ಕರ್ ತಗೊಂಡವರನ್ನ ಏಕವಚನದಲ್ಲಿ ಗದರ್ತೀರಾ? ‘ತೊಳೀರಿ’ ಅನ್ನೋದಕ್ಕೆ ‘ಲಾವೆ’ ಬೇಕು.”

ಅವನು ನಕ್ಕ. “ಒಂದಕ್ಷರ ತಾನೆ? ಕುಕ್ಕರ್ ತಗೊಳ್ಳೋರು ಅಡುಗೆ ಮಾಡ್ತಾರೆ, ವ್ಯಾಕರಣ ಬೇಯಿಸ್ತಾರಾ? ನಿಮ್ಮ ಹತ್ರ ನೂರು ರೂಲ್ಸು. ಅದಕ್ಕೇ ನಿಮ್ಮ ಕ್ಲಾಸಲ್ಲಿ ಜನ ನಿಲ್ಲಲ್ಲ.”

ತಂಗಿ ಅವನ ಮೊಣಕೈ ತಿವಿದಳು. ಅಷ್ಟರಲ್ಲಿ ಆಕೆಯ ಕಣ್ಣು ಕೆಳಗಿನ ಸಾಲಿಗೆ ಇಳಿದಿತ್ತು. ‘ಉಗಿ ಪೂರ್ತಿ ಹೋಗುವ ತನಕ ಮುಚ್ಚಳ ತೆರೆಯಬೇಡಿ’ ಎಂದು ಇರಬೇಕಾದ ಕಡೆ ಅವನು ‘ನೊ ಆಬ್ರೆ ಲಾ ತಾಪಾ’ ಎಂದು ಬರೆದಿದ್ದ. ‘ನೊ ಆಬ್ರಾ’ ಎಂದಿದ್ದರೆ ತೆರೆಯಬೇಡಿ. ‘ನೊ ಆಬ್ರೆ’ ಎಂದರೆ ಮುಚ್ಚಳ ತೆರೆದುಕೊಳ್ಳುವುದಿಲ್ಲ. ಮುಂದೆ, ಉಗಿ ಹೋಗುವುದಕ್ಕೆ ಇರಬೇಕಾದ ‘ಸಾಲ್ಗಾ’ ಕೂಡ ‘ಸಾಲೆ’ ಆಗಿತ್ತು. ಎರಡು ತಪ್ಪು ಸೇರಿ ಸರಿಯಾದ ಇನ್ನೊಂದು ವಾಕ್ಯವೇ ಆಗಿಬಿಟ್ಟಿತ್ತು: ಉಗಿ ಹೋಗುವವರೆಗೆ ಈ ಮುಚ್ಚಳ ತೆರೆದುಕೊಳ್ಳುವುದೇ ಇಲ್ಲ. ಎಚ್ಚರಿಕೆಯ ಮಾತು ಭರವಸೆಯ ಮಾತಾಗಿತ್ತು.

ಆಕೆ ಹಾಳೆ ಮಡಚಿ ಅವನ ಕೈಗಿತ್ತಳು. “ಚೆನ್ನಾಗಿದೆ. ಅಚ್ಚು ಹಾಕಿಸಿ.”

ಬೀಳಲಿ ಹಳ್ಳಕ್ಕೆ, ಎಂದುಕೊಂಡಳು. ಆ ರಾತ್ರಿ ಸೊಗಸಾದ ನಿದ್ದೆಯನ್ನೂ ಮಾಡಿದಳು. ಗಿರಾಕಿಗಳು ನಗುತ್ತಾರೆ, ಮಾಲೀಕರು ಉಗಿಯುತ್ತಾರೆ, ಭಾವಿ ಸ್ಪ್ಯಾನಿಷ್ ಪಂಡಿತರು ಬಾಲ ಮುದುರಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ಆಕೆ ಯೋಚಿಸಿದ್ದು ಅಷ್ಟೇ.

ಎರಡು ತಿಂಗಳ ಮೇಲೆ ಮೆಟ್ಟಿಲು ಹತ್ತಿ ಬಂದವಳು ತಂಗಿ. ತರಗತಿ ನಡೆಯುತ್ತಿದ್ದರೂ ಬಾಗಿಲಲ್ಲಿ ನಿಂತೇ ಕೇಳಿದಳು.

“ಅಕ್ಕ, ಮುಚ್ಚಳದ ವಿಷಯ ಬರೆದಿದ್ದ ಸಾಲನ್ನ ನೀನು ಅವತ್ತು ನೋಡಿದ್ದೆಯಾ?”

“ಯಾಕೆ, ಏನಾಯ್ತು?”

“ಕುಕ್ಕರ್ ಹೋದ ದೇಶದಲ್ಲಿ ಪಾತ್ರೆ ಅಂಗಡಿಯವಳು ಒಬ್ಬಳು ಗಿರಾಕಿಗೆ ತೋರಿಸ್ತಾ ಇದ್ದಳಂತೆ. ಉಗಿ ಹೋಗೋ ತನಕ ಮುಚ್ಚಳ ತೆರ್ಕೊಳ್ಳೋದೇ ಇಲ್ಲ ಅಂತ ಬರೆದಿದೆ ನೋಡಿ ಅಂತ ಹಿಡಿ ಎಳೆದಿದ್ದಾಳೆ. ಮುಂಗೈ ಸುಟ್ಟಿದೆ. ಮಾಲೆಲ್ಲ ತಡೆಹಿಡಿದಿದ್ದಾರೆ. ಇವರು ಎರಡು ದಿನದಿಂದ ಗೋಡೆ ನೋಡ್ಕೊಂಡು ಕೂತಿದ್ದಾರೆ. ಕೇಳಿದ್ದಕ್ಕೆ ಹೇಳು. ನೋಡಿದ್ದೆಯಾ?”

ಸುಳ್ಳು ಹೇಳಬಹುದಿತ್ತು. ಆದರೆ ತಾನು ನೋಡಿಯೂ ತಪ್ಪು ಹಿಡಿಯಲಿಲ್ಲ ಎನ್ನುವ ಸುಳ್ಳು ಆಕೆಯ ಬಾಯಲ್ಲಿ ಹೊರಡಲೇ ಇಲ್ಲ. ಅಹಂಕಾರಕ್ಕೆ ಅದೊಂದು ನಿಯತ್ತು.

“ನೋಡಿದ್ದೆ.”

“ಮತ್ತೆ?”

“ಹೇಳಿದ್ರೆ ಅವರು ಕೇಳ್ತಿದ್ರಾ?”

“ಕೇಳ್ತಿದ್ರೋ ಬಿಡ್ತಿದ್ರೋ ಅವರ ಹಣೆಬರಹ. ಒಂದಕ್ಷರ ಹೇಳೋಕೆ ನಿನ್ನ ಬಾಯಿ ಸವೆದು ಹೋಗ್ತಿತ್ತಾ? ದಿನಾ ಊರಿಗೆಲ್ಲ ಹೇಳ್ತೀಯಲ್ಲ.”

ತಂಗಿ ಉತ್ತರಕ್ಕೆ ಕಾಯದೆ ಇಳಿದು ಹೋದಳು. ತರಗತಿಯಲ್ಲಿದ್ದವರು ಪುಸ್ತಕದಿಂದ ತಲೆ ಎತ್ತಲಿಲ್ಲ. ಯಾರಾದರೂ ಕಿಸಕ್ಕೆಂದಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಮುಖ ಕೂಡ ನೋಡದ ಯಾವಳೋ ಒಬ್ಬಳ ಸುಟ್ಟ ಕೈ ಆಕೆಯ ಮೇಜಿನ ಮೇಲೆ ಬಂದು ಕೂತಂತಾಯಿತು. ಪಾಠ ಅರ್ಧಕ್ಕೆ ನಿಲ್ಲಿಸಿದಳು.

ಮರುದಿನ ಯಾರೂ ಕರೆಯದೆ ಕಾರ್ಖಾನೆಗೆ ಹೋದಳು. ರಫ್ತು ವಿಭಾಗದ ಗಾಜಿನ ಕೋಣೆಯಲ್ಲಿ ತಂಗಿಯ ಗಂಡ ಇಳಿಬಿದ್ದ ಭುಜ ಹೊತ್ತು ಕೂತಿದ್ದ. ಆಕೆಯನ್ನು ಕಂಡು ಎದ್ದ.

“ನಗೋಕೆ ಬಂದ್ರಾ ಅತ್ತಿಗೆ?”

“ನಗೋಕೆ ಬಸ್ ಚಾರ್ಜ್ ಕೊಟ್ಟು ಬರಬೇಕಾ? ಆ ಸಾಲು ನಾನು ನೋಡಿದ್ದೆ. ಬೇಕಂತಲೇ ಬಾಯಿ ಮುಚ್ಕೊಂಡೆ. ಪೆನ್ನು ಕೊಡಿ.”

ಅವನಿಗೆ ಸಿಟ್ಟು ಬರಬೇಕಿತ್ತು, ಬಂತು. ಕಿವಿ ಕೆಂಪಾಯಿತು. “ನನ್ನ ಬೈದಿದ್ರೂ ಆಗ್ತಿತ್ತು. ನಂಗೆ ಅಭ್ಯಾಸ ಇದೆ,” ಎಂದಷ್ಟೇ ಹೇಳಿ ಪೆನ್ನು ಮುಂದೆ ದೂಡಿದ. ಆಕೆ ಹಾಳೆಯನ್ನು ಮೊದಲಿನಿಂದ ಬರೆದಳು. ತೊಳೆಯಿರಿ, ಹಾಕಿರಿ, ತುಂಬಬೇಡಿ, ತೆರೆಯಬೇಡಿ. ಮುಚ್ಚಳಗಳ ಮೇಲೆ ಅಂಟಿಸಲು ಎಚ್ಚರಿಕೆಯ ಸಾಲನ್ನು ಬೇರೆಯಾಗಿ, ದಪ್ಪಕ್ಷರದಲ್ಲಿ ಬರೆದುಕೊಟ್ಟಳು. ಸುಟ್ಟ ಕೈಯವಳಿಗೆ ಇಬ್ಬರ ಹೆಸರಲ್ಲೂ ಕ್ಷಮೆ ಕೇಳುವ ಪತ್ರ ಬರೆಯುವಾಗ ಮಾತ್ರ ಆಕೆಯ ಪೆನ್ನು ತಡವರಿಸಿತು. ‘ಬೇಗ ಗುಣವಾಗಲಿ’ ಎನ್ನುವುದನ್ನು ನೂರಾರು ಜನರಿಗೆ ಕಲಿಸಿದ್ದಳು, ಯಾರಿಗೂ ಬರೆದಿರಲಿಲ್ಲ.

ಮಾಲೀಕರು ಮ್ಯಾನೇಜರನ್ನು ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು: ಟೈರ್ ಅಂಗಡಿಯ ಮೇಲಿನ ತರಗತಿಗೆ ಸೇರಿಸಿದರು. ಗುಮಾಸ್ತೆಯ ಪಕ್ಕದ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಕೂತು ಅವನು ಆಬ್ಲೆ, ಕೋಮಾ, ತೆಂಗಾ ಒಪ್ಪಿಸಿದ. ನಿಯಮ ಮುರಿದು ‘ಸೇರ್’ನಿಂದ ‘ಸೇಯಾ’ ಯಾಕೆ, ‘ಹೋಗು’ ಎನ್ನುವ ‘ಇರ್’ನಿಂದ ‘ವಾಯಾ’ ಯಾಕೆ ಎಂದು ಕೇಳಿ, “ನಿಮ್ಮನ್ನ ಮ್ಯಾನೇಜರ್ ಮಾಡಿದ್ಯಾಕೆ ಅಂತ ಯಾರಾದ್ರೂ ಕೇಳಿದ್ರಾ? ಹಾಗೇ ಇದೂ,” ಎನ್ನಿಸಿಕೊಂಡ. ಆಕೆಯ ನಾಲಗೆ ಮೊಂಡಾಗಿರಲಿಲ್ಲ. ಆದರೆ ಈಗ ತಪ್ಪು ಕಂಡರೆ ಕೊನೆಯ ಸಾಲಿನವರೆಗೂ ಬೈಯುತ್ತಿದ್ದಳು, ಒಂದನ್ನೂ ಬಿಡುತ್ತಿರಲಿಲ್ಲ. ತಂಗಿ ಒಂದು ತಿಂಗಳು ಮಾತು ಬಿಟ್ಟಳು. ಆಮೇಲೆ ಹಬೆ ಇಳಿದವಳಂತೆ ಫೋನ್ ಮಾಡಿ, ಬೇರೇನೋ ವಿಷಯ ಎತ್ತಿದಳು.

ಪರೀಕ್ಷೆಯಲ್ಲಿ ಅನುಮಾನ ಸೂಚಿಸುವ ಸ್ವಂತ ವಾಕ್ಯವೊಂದನ್ನು ಬರೆಯಬೇಕಿತ್ತು. ತಂಗಿಯ ಗಂಡ ಬರೆದಿದ್ದ: ‘ದೂದೊ ಕೆ ಉಸ್ತೆದ್ ಮೆ ಅಪ್ರುಎಬೆ.’ ನೀವು ನನ್ನನ್ನು ಪಾಸು ಮಾಡುತ್ತೀರೆಂದು ನನಗೆ ನಂಬಿಕೆಯಿಲ್ಲ. ‘ಅಪ್ರೊಬಾರ್’ ಕ್ರಿಯಾಪದದ ಒಳಗಿನ ‘ಒ’ ಬದಲಾಗಿ ‘ಉಎ’ ಆಗಬೇಕಾದ ಕಡೆ ಆಗಿತ್ತು, ಬಾಲದ ‘ಎ’ ಸರಿಯಾಗಿತ್ತು, ‘ಉಸ್ತೆದ್’ ಎಂಬ ಬಹುವಚನದ ಗೌರವವೂ ಇತ್ತು. ಆಕೆ ಆ ಸಾಲನ್ನು ಬಲದಿಂದ ಎಡಕ್ಕೂ ಓದಿ ನೋಡಿದಳು. ತಪ್ಪು ಸಿಗಲಿಲ್ಲ. ಪೂರ್ತಿ ಅಂಕ ಹಾಕಿ, ಪಕ್ಕದಲ್ಲಿ ‘ಕೈಬರಹ ದೇವರಿಗೇ ಪ್ರೀತಿ’ ಎಂದು ಗೀಚಿದಳು.