ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟ ಅಂಕಪಟ್ಟಿ

ತಾಯಿ ಬನಶಂಕರಿಯನ್ನು ನಂಬಿದ ಎಲ್ಲರಿಗೂ ಇಳಕಲ್ಲಿನಿಂದ ನೀಲಮ್ಮನ ನಮಸ್ಕಾರ. ತಾಯಿಯ ಪವಾಡ ಬರೆಯುವ ಈ ಪುಟದಲ್ಲಿ ಬೇರೆಯವರು ತಮ್ಮ ಮೇಲೆ ಬಂದ ಕಷ್ಟ ಬರೆಯುತ್ತಾರೆ. ನಾನು ನನ್ನ ಕೈಯಾರೆ ತಂದಿಟ್ಟ ಕಷ್ಟ ಬರೆಯಬೇಕಾಗಿದೆ.

ಹೋದ ವರ್ಷ ಶ್ರಾವಣ ಹಿಡಿದ ಹೊಸತು. ನನ್ನ ಸೊಸೆ ಪವಿತ್ರಾಳಿಗೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಸೀಟು ಬಂತು. ಬಿ.ಎಸ್ಸಿ. ಮುಗಿಸಿದ ವರ್ಷವೇ ಮದುವೆಯಾಗಿ ನಮ್ಮ ಮನೆಗೆ ಬಂದವಳು ಅವಳು. ಮೊಮ್ಮಗಳಿಗೆ ಆಗ ಎರಡು ವರ್ಷ. ಮಗನೂ ಯಜಮಾನರೂ ಒಪ್ಪಿದರು. ನಾನೂ "ಹೋಗವ್ವ" ಎಂದೆ. ಬಾಯಲ್ಲಿ ಮಾತ್ರ.

ಬಾದಾಮಿಯಲ್ಲಿರುವ ನನ್ನ ನಾದಿನಿ ಗಂಗವ್ವ ಫೋನಿನಲ್ಲಿ ನಕ್ಕಳು. "ಸೊಸಿ ಲೆಕ್ಚರರ್ ಆಗ್ತಾಳ, ವೈನಿ ಆಯಾ ಆಗ್ತಾಳ ನೋಡು!" ಚೇಷ್ಟೆಗೆ ಅಂದ ಮಾತು. ನನಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಏಳನೆಯ ತರಗತಿಗೆ ಸಾಲೆ ಬಿಡಿಸಿ ನನ್ನನ್ನು ಮಗ್ಗದ ಮನೆಗೆ ಕೊಟ್ಟಿದ್ದರು. ನನಗೆ ಸಿಗದ್ದು ಇವಳಿಗೇಕೆ ಎಂಬ ಹುಳು ಒಳಗೆ ಇತ್ತು, ಇಲ್ಲ ಎಂದರೆ ತಾಯಿ ಮೆಚ್ಚಳು.

ಮುಂದಿನ ಬುಧವಾರ ಅಸಲು ಕಾಗದಗಳನ್ನೆಲ್ಲ ಕಾಲೇಜಿನಲ್ಲಿ ತೋರಿಸಬೇಕಿತ್ತು. ತೋರಿಸದಿದ್ದರೆ ಸೀಟು ಬೇರೆಯವರ ಪಾಲು. ಗುರುವಾರ ಪವಿತ್ರಾ ಬಟ್ಟೆ ಒಣಹಾಕಲು ಹೋದಾಗ ನಾನು ಅವಳ ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ತೆಗೆದೆ. ಬಂದುಹೋದವರಿಗೆ ಉಡಿ ತುಂಬಲೆಂದು ಟ್ರಂಕಿನಲ್ಲಿಟ್ಟ ಸೀರೆಗಳಿರುತ್ತವಲ್ಲ, ಅದರಲ್ಲೊಂದು ಹಸಿರು ಸೀರೆಯ ಮಡಿಕೆಯೊಳಗೆ ಸರಿಸಿದೆ. ಬುಧವಾರ ಕಳೆದ ಮೇಲೆ ಮತ್ತೆ ಇದ್ದಲ್ಲೇ ಇಟ್ಟರಾಯಿತು ಎಂದುಕೊಂಡೆ. ದೇವರ ಗೂಡಿನ ಮುಂದೆ ನಿಂತು, "ಇದನ್ನ ಕಳವು ಅಂತ ಹಿಡೀಬ್ಯಾಡವ್ವ, ಮನಿ ಸಲುವಾಗಿ ಮಾಡೇನಿ" ಎಂದು ಬೇಡಿಕೊಂಡೆ ಕೂಡ.

ಶನಿವಾರದಿಂದ ಅವಳ ಹುಡುಕಾಟ ಸುರುವಾಯಿತು. ಗಾದಿ ಕೊಡವಿದಳು, ಹಳೆಯ ಪೇಪರಿನ ಕಟ್ಟು ಬಿಚ್ಚಿದಳು, ಜೋಳದ ಡಬ್ಬಿಯ ಹಿಂದೆ ಕೈಹಾಕಿದಳು. ನನ್ನ ಮೇಲೆ ಒಂದಿಷ್ಟೂ ಸಂಶಯ ಪಡಲಿಲ್ಲ. "ಅತ್ತಿ, ನಾನ ಎಲ್ಲೋ ಇಟ್ಟು ಮರತೇನಿ. ನನ್ನ ತಲಿಗೆ ಏನಾಗೇತ್ರಿ?" ಎಂದು ಹಣೆ ಹಣೆ ಬಡಿದುಕೊಂಡಳು. ನಾನೂ ಜೊತೆಗೆ ಹುಡುಕಿದೆ. ಹುಡುಕಿದಂತೆ ಮಾಡಿದೆ. ಸೋಮವಾರ ಬೆಳಿಗ್ಗೆ ನೋಡಿದರೆ ಊಟ ಬಿಟ್ಟು ಅದೇ ಗೂಡಿನ ಮುಂದೆ ಕುಳಿತಿದ್ದಾಳೆ. ಮಗಳು ಬೆನ್ನ ಮೇಲೆ ಜೋತುಬಿದ್ದರೂ ಎಚ್ಚರವಿಲ್ಲ.

ಆಗ ನನಗೆ ತಡೆಯಲಾಗಲಿಲ್ಲ. ಸಾಕು ಎಂದು ಟ್ರಂಕು ತೆಗೆದೆ. ಹಸಿರು ಸೀರೆ ಇರಲಿಲ್ಲ. ಎಲ್ಲಿ ಹೋಯಿತೆಂದು ಪವಿತ್ರಾಳನ್ನು ಕೇಳಿದೆ.

"ಶುಕ್ರವಾರ ನೀವು ಹುನಗುಂದಕ್ಕ ಸತ್ತವರ ಮನಿಗೆ ಮಾತಾಡಿಸಾಕ ಹೋಗಿದ್ರಲ್ಲ ಅತ್ತಿ, ಅವತ್ತ ಗಂಗತ್ತಿ ಬಂದಿದ್ರು. ಬರೇ ಕೈಲೆ ಹೆಂಗ ಕಳಸೂದಂತ ಉಡಿ ತುಂಬಿದೆ. ತಪ್ಪಾತೇನ್ರಿ?"

ತನ್ನ ಅಂಕಪಟ್ಟಿಯನ್ನು ತಾನೇ ಅರಿಷಿಣ ಕುಂಕುಮ ಹಚ್ಚಿ ಕೊಟ್ಟು ಕಳಿಸಿದ್ದಳು! "ಚಲೋ ಮಾಡಿದಿ" ಎಂದೆ.

ಮಂಗಳವಾರ ಬಾದಾಮಿ ಬನಶಂಕರಿಯ ದರ್ಶನದ ನೆಪ ಹೇಳಿ ಮೊದಲ ಬಸ್ಸು ಹಿಡಿದೆ. ಅಮೀನಗಡದಲ್ಲಿ ಇಳಿದು ಬೇರೆ ಬಸ್ಸು ಹತ್ತಿದೆ. ಸೀಟು ಸಿಕ್ಕಿತು, ಅದೂ ತಾಯಿಯ ಕೃಪೆಯೇ. "ನನ್ನ ಮಾನ ಹೋದರ ಹೋಗ್ಲಿ, ಆ ಹುಡುಗಿ ಕಾಗದ ಉಳಸು" ಎಂದು ದಾರಿಯುದ್ದಕ್ಕೂ ಬೇಡಿದೆ.

ಗಂಗವ್ವ ಬಾಗಿಲಲ್ಲೇ ನಕ್ಕಳು. "ಅಯ್ಯ ವೈನಿ, ಕೊಟ್ಟ ಸೀರಿ ವಾಪಸ್ ಕೇಳಾಕ ಬಂದಿಯೇನ? ಫಾಲ್ ಹಚ್ಚಾಕ ಕೊಟ್ಟೇನಿ."

ಹಿಂದಿನ ಓಣಿಯಲ್ಲಿ ಫಾಲ್ ಹಚ್ಚುವ ಹೆಣ್ಣುಮಗಳ ಮನೆಗೆ ಗಂಗವ್ವನೇ ಕರೆದೊಯ್ದಳು. ಸೀರೆ ಇಸ್ತ್ರಿಯಾಗಿ ಮಡಚಿಟ್ಟಿತ್ತು. ಒಳಗಿನ ಕಾಗದ ಸುಟ್ಟೇ ಹೋಯಿತು ಎಂದುಕೊಂಡೆ. ಆ ಹೆಣ್ಣುಮಗಳು ಗೋಡೆಯ ದೇವರ ಪಟದ ಹಿಂದಿನಿಂದ ಅಂಕಪಟ್ಟಿ ತೆಗೆದಳು. "ಇಸ್ತ್ರಿ ಪೆಟಗಿ ಊರಿದ ಮ್ಯಾಲ ಗೊತ್ತಾತ್ರಿ, ಒಳಗ ಕಾಗದ ಐತಿ ಅಂತ. ಯಾರ ಪುಣ್ಯಾನೋ, ಮೂಲಿ ಅಷ್ಟ ಕೆಂಪಾಗೇತಿ." ಹೆಸರು, ನಂಬರು, ಅಂಕ ಎಲ್ಲ ನೆಟ್ಟಗಿದ್ದವು. ನಾನು ಅಲ್ಲೇ ನೆಲಕ್ಕೆ ಕುಳಿತು ಅತ್ತೆ. ಅತ್ತಾಗ ಎಲ್ಲ ಹೊರಬಿತ್ತು.

ಗಂಗವ್ವನ ನಗೆ ನಿಂತಿತು. ಬಸ್‌ಸ್ಟ್ಯಾಂಡಿನವರೆಗೆ ಬಂದು ಕೈ ಹಿಡಿದು ಹೇಳಿದಳು: "ಸೊಸಿ ಮುಂದ ಹಿಂಗೆಲ್ಲ ಹೇಳಬ್ಯಾಡ. ತಾಯಿ ಗುಡಿಯಾಗ ಪ್ರಸಾದದ ಜೋಡಿ ಸಿಕ್ತು ಅನ್ನು. ಕೈ ಮುಗೀತಾಳ."

ಭಕ್ತರೆ, ನಾನು ಹಾಗೇ ಹೇಳಬೇಕೆಂದು ಮನಸ್ಸು ಮಾಡಿದ್ದೆ. ಇಳಕಲ್ಲು ಬರುವ ತನಕ ಆ ಸುಳ್ಳನ್ನೇ ಜೋಡಿಸುತ್ತಿದ್ದೆ. ಮನೆಯೊಳಗೆ ಕಾಲಿಟ್ಟು ಅಂಕಪಟ್ಟಿ ಚಾಚಿದಾಗ ಪವಿತ್ರಾ ಅದನ್ನು ಕಣ್ಣಿಗೊತ್ತಿಕೊಂಡು, "ತಾಯಿ ಕೊಟ್ಲೇನ್ರಿ?" ಎಂದಳು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಇಲ್ಲವ್ವ. ನಾನ ತಗದಿದ್ದೆ."

ಆ ಮಾತು ನನ್ನದಲ್ಲ, ತಾಯಿ ಆಡಿಸಿದ್ದು. ಕಾಗದ ಸಿಕ್ಕಿದ್ದಕ್ಕಿಂತ ದೊಡ್ಡ ಪವಾಡ ನನಗೆ ಇದೇ.

ಅವಳು ಅಂಕಪಟ್ಟಿಯ ಕೆಂಪಾದ ಮೂಲೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ಮೆಲ್ಲಗೆ ಅಂದಳು: "ಹೋಗಬ್ಯಾಡ ಅಂದಿದ್ರ ಜಗಳಾ ಮಾಡತಿದ್ದೆ ಅತ್ತಿ. ನನಗ ಹುಚ್ಚ ಹಿಡದೇತಿ ಅಂತ ತಿಳಕೊಂಡಿದ್ನಲ್ರಿ ನಾಕ ದಿನ." ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಬುಧವಾರ ಮಗನ ಜೊತೆ ಹೋಗಿ ಸೇರಿ ಬಂದಳು. ಕೆಂಪಾದ ಮೂಲೆ ನೋಡಿ ಗುಮಾಸ್ತರು ಕೇಳಿದರಂತೆ. "ಇಸ್ತ್ರಿ ಹತ್ತೇತ್ರಿ" ಎಂದಷ್ಟೇ ಹೇಳಿದಳಂತೆ. ನನ್ನ ಹೆಸರು ಎತ್ತಲಿಲ್ಲ. ಈಗ ಎರಡನೆಯ ಸೆಮಿಸ್ಟರು. ಅವಳು ಬಸ್ಸಿಗೆ ಹೋದ ಮೇಲೆ ಕೂಸಿಗೆ ಉಣಿಸುವುದು, ಮಲಗಿಸುವುದು ನನ್ನ ಪಾಲಿನ ಸೇವೆ. ಕೂಸನ್ನು ನನ್ನ ಕೈಗೆ ಬಿಟ್ಟು ಹೋಗುತ್ತಾಳಲ್ಲ, ಅದೇ ನನಗೆ ಹೆಚ್ಚಿನದು. ಕಾಗದದ ಕಪಾಟಿಗೆ ಮಾತ್ರ ಹೊಸ ಬೀಗ ಹಾಕಿದ್ದಾಳೆ. ದಿನಾ ಕಸ ಹೊಡೆಯುವಾಗ ಅದು ಕಣ್ಣಿಗೆ ಬೀಳುತ್ತದೆ. ತೆಗೆ ಎಂದು ಕೇಳುವ ಬಾಯಿ ನನಗಿಲ್ಲ.

ಒಂದೇ ಗೂಡಿನ ಮುಂದೆ ಅತ್ತೆ ಸೊಸೆ ಇಬ್ಬರೂ ಬೇಡಿದೆವು. ಕಳವು ಅಂತ ಹಿಡಿಯಬೇಡ ಎಂದು ನಾನು ಮೊದಲು ಬೇಡಿದ್ದನ್ನು ತಾಯಿ ಕೇಳಿಸಿಕೊಳ್ಳಲಿಲ್ಲ. ತಾಯಿಯ ಪಾದಕ್ಕೆ ಅದೊಂದಕ್ಕಾಗಿಯೇ ನಾನು ದಿನಾ ಹಣೆ ಹಚ್ಚುತ್ತೇನೆ.