ತಟ್ಟಪ್ಪ ಕರೆಯಲು ಹೋದ ದಿನ

ಈ ಊರು ಹುಟ್ಟಿದ್ದೇ ಎಂಜಿನ್ನಿಗೆ ಬಾಯಾರಿತು ಅಂತ. ಉಗಿಬಂಡಿ ಇಲ್ಲಿ ನೀರು ಕುಡಿಯಲೇಬೇಕಿತ್ತು. ನೀರಿಗೆ ನಿಂತ ಮೇಲೆ ಡ್ರೈವರು, ಗಾರ್ಡುಗಳ ಪಾಳಿಯೂ ಇಲ್ಲೇ ಬದಲಾಯಿತು. ಅವರಿಗೆ ಸಾಲುಮನೆ ಬಂದವು, ಸಾಲುಮನೆಗೆ ಅಂಗಡಿ, ಕ್ಷೌರದವನು, ಶಾಲೆ. ಹೊಲ ಗದ್ದೆ ನಂಬಿ ಇಲ್ಲಿಗೆ ಬಂದವನು ಒಬ್ಬನೂ ಇಲ್ಲ.

ಆ ಮನೆಗಳ ಬಾಗಿಲು ತಟ್ಟುವುದೇ ಒಬ್ಬನ ಕೆಲಸವಾಗಿತ್ತು. ಗಾಡಿ ಹೊರಡುವ ಮುಂಚೆ ಹೋಗಿ ಪಾಳಿಯವನನ್ನು ಎಬ್ಬಿಸಿ ಡ್ಯೂಟಿಗೆ ಕರೆತರಬೇಕು. ರೈಲ್ವೆಯವರಿಗೆ ಅವನು ಕಾಲ್‌ಮ್ಯಾನ್, ಊರಿಗೆ ತಟ್ಟಪ್ಪ. ಅವನ ಮುಖ ಕಂಡರೆ ಯಾರಿಗೂ ಆಗದು. ಅವನು ಬಂದನೆಂದರೆ ಗಂಡ ಅರ್ಧ ಊಟದಲ್ಲೇ ಏಳಬೇಕಲ್ಲ. ಹೆಣ್ಣು ಕೊಡುವವರಂತೂ ಸಿಗಲೇ ಇಲ್ಲ. ಊರಿನ ಹೊಸ್ತಿಲನ್ನೆಲ್ಲ ಬಲ್ಲ, ಒಂದು ಮನೆಯ ಒಳಗೂ ಕೂತವನಲ್ಲ.

ಹೆಂಗಸರು ‘ಮನೇಲಿಲ್ಲ’ ಅನ್ನುವುದು ರೂಢಿ. ತಟ್ಟಪ್ಪನೂ ಕಿಲಾಡಿ. ‘ಅಕ್ಕಾ, ನಿಮ್ಮ ತಮ್ಮ ಸ್ಟೇಷನ್ನಲ್ಲಿ ಇಳಿದಿದಾನೆ, ಭಾವನ್ನ ಕಳಿಸಬೇಕಂತೆ’ ಅನ್ನುವನು. ಭಾವ ಒಳಗಿಂದ ಮೆಲ್ಲಗೆ ಈಚೆ ಬಂದರೆ ಮುಗೀತು, ಹೋಗಿ ಬೀಳುವುದು ಎಂಜಿನ್ ಮೇಲೆ.

ಡೀಸೆಲ್ ಎಂಜಿನ್ ಬಂದವು. ಅವಕ್ಕೆ ನಮ್ಮ ನೀರು ಬೇಡ. ಇಲ್ಲಿನ ಎಂಜಿನ್ ಶೆಡ್ಡನ್ನೂ ಸಿಬ್ಬಂದಿಯನ್ನೂ ಜಂಕ್ಷನ್ನಿಗೆ ಸಾಗಿಸುವ ಮಾತು ಎದ್ದಿತು. ಅಲ್ಲಿ ಕರೆಯೋದಕ್ಕೆ ಫೋನಿದೆ, ತಟ್ಟಪ್ಪ ಬೇಕಿಲ್ಲ. ರೈಲ್ವೆಯ ದೊಡ್ಡ ಸಾಹೇಬ ನೋಡಲು ಬರುವ ದಿನ, ಶೆಡ್ಡು ಉಳಿಸಲು ಊರಿಗೆ ಊರೇ ಪ್ಲಾಟ್‌ಫಾರಂ ಮೇಲೆ ಧರಣಿ ಕೂರಬೇಕು ಅಂತ ನೌಕರರ ಸಂಘದಲ್ಲಿ ತೀರ್ಮಾನಿಸಿದ್ದೆವು. ಆಸಾಮಿ ಹಿಂದಿನ ದಿನವೇ, ನಡುಮಧ್ಯಾಹ್ನ ಬಂದಿಳಿದ.

‘ನನಗೆ ಬಿಡಣ್ಣಾ. ಈ ಊರಲ್ಲಿ ನಾನು ಎಬ್ಬಿಸದ ಗಂಡಸಿಲ್ಲ’ ಅಂದು ತಟ್ಟಪ್ಪ ಓಡಿದ.

ಮೊದಲು ತಟ್ಟಿದ್ದು ಹಿರಿಯ ಡ್ರೈವರನ ಮನೆ. ನಡೆದದ್ದನ್ನು ಆತನ ಹೆಂಡತಿಯೇ ಆಮೇಲೆ ಹೇಳಿದಳು.

‘ಮನೇಲಿಲ್ಲ.’

‘ಡ್ಯೂಟಿಗಲ್ಲಕ್ಕಾ. ಸಾಹೇಬ ಬಂದಿದಾನೆ, ಧರಣಿಗೆ ಕರೀತಿದೀನಿ.’

‘ಹೋದ್ಸಲ ನನ್ನ ತಮ್ಮ ಬಂದಿದ್ದ. ಈ ಸಲ ಸಾಹೇಬನಾ?’

‘ನಿಜವಾಗ್ಲೂ ಅಕ್ಕಾ.’

‘ಅದನ್ನೂ ಹೋದ್ಸಲವೇ ಅಂದಿದ್ದೆ. ಹೋಗಪ್ಪ, ಮುಂದಿನ ಮನೆ ನೋಡ್ಕೊ.’

ಗೋಡೆಗೆ ಗೋಡೆ ಅಂಟಿದ ಮನೆಗಳು. ಇಲ್ಲಿ ತಟ್ಟಿದ್ದು ಕೇಳಿದರೆ ಪಕ್ಕದವನು ಹಿತ್ತಿಲು ಹಾರುತ್ತಿದ್ದ. ಅವತ್ತೂ ಹಾರಿದರು.

ಪ್ಲಾಟ್‌ಫಾರಂ ಮೇಲೆ ಕೂತವರು ಸಂಘದ ನಾವು ನಾಲ್ಕು ಜನ, ಕ್ಷೌರದವನು, ಒಂದು ನಾಯಿ. ‘ಊರಿಗೇ ಬೇಡವಾದ ಶೆಡ್ಡು ನಿಮಗ್ಯಾಕ್ರೀ?’ ಅಂದ ಸಾಹೇಬ ಗಾಡಿ ಹತ್ತಿದ.

ಶೆಡ್ಡು ಹೋಯಿತು. ಊರೆಲ್ಲ ಬೈದಿದ್ದು ತಟ್ಟಪ್ಪನನ್ನೇ. ‘ನೆಟ್ಟಗೆ ಕರೆದಿದ್ದರೆ ನಾವು ಬರ್ತಿರಲಿಲ್ವಾ’ ಅಂದರು, ಹಿತ್ತಿಲು ಹಾರಿದವರೇ. ಸಾಮಾನು ಲಾರಿಗೇರಿಸಿ ಒಬ್ಬೊಬ್ಬರಾಗಿ ಹೋದರು. ಹೋಗಿ ಬರ್ತೀವಿ ಅನ್ನಲು ಅವನ ಕೋಣೆಯ ಕಡೆ ಯಾರೂ ಸುಳಿಯಲಿಲ್ಲ. ಕಡೆಗೆ ಅವನನ್ನೂ ಜಂಕ್ಷನ್ನಿಗೆ ಕರೆಸಿ ಕೈಗೆ ಪೊರಕೆ ಕೊಟ್ಟರು. ನಿವೃತ್ತಿಯಾದದ್ದೇ ಹಳೇ ಊರಿಗೇ ವಾಪಸಾದ.

ಕಳೆದ ಬೇಸಿಗೆಯಲ್ಲಿ ಅವನನ್ನು ನೋಡಲು ಹೋದೆ. ಸಾಲುಮನೆಗಳ ಬಾಗಿಲು, ಕಿಟಕಿಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಹಿರಿಯ ಡ್ರೈವರನ ಮನೆಯೊಳಗೆ, ಅಡುಗೆಮನೆಯ ನೆಲದ ಮೇಲೆ ತಟ್ಟಪ್ಪ ಒಬ್ಬನೇ ಕೂತಿದ್ದ. ‘ಬಾ ಅಣ್ಣಾ’ ಅಂದ, ತನ್ನದೇ ಮನೆ ಅನ್ನುವ ಹಾಗೆ. ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳೆದ. ಆಮೇಲೆ, ‘ಇಬ್ಬರು ನಿಂತ್ರೆ ತುಂಬಿಹೋಗೋ ಜಾಗ ಇದು. ಆ ದಡಿಯ ಡ್ರೈವರು ಎಲ್ಲಿ ಅಡಗ್ತಿದ್ದನೋ’ ಅಂದ.

ನಗಲಿಲ್ಲ. ಎದ್ದು ಪಕ್ಕದ ಮನೆ ನೋಡಲು ಹೋದ.