ಸಿನಿಮಾ ಜಪಾನಿ, ಮಿಲ್ಲಿನ ಜಪಾನಿ

ಹೋದ ವಾರದ ತನಕ ಇಡೀ ಮಾನ್ವಿಯಾಗ ಜಪಾನಿ ಬರೋ ಹುಡುಗ ಒಬ್ಬನೇ ಇದ್ದ. ಈ ವಾರ ಅವನೂ ಇಲ್ಲ.

ಅವ ನಾನೇ. (ಸತ್ತಿಲ್ಲ, ಗಾಬರಿ ಆಗಬ್ಯಾಡ್ರಿ. ಸತ್ತಿದ್ರ ಈ ಅಂಕಣ ಯಾರು ಬರೀತಿದ್ರು?)

ಪ್ರತಿ ಶನಿವಾರ ಬಸ್ ಹತ್ತಿ ರಾಯಚೂರಿಗೆ ಹೋಗ್ತಿದ್ದೆ. ಅಲ್ಲೊಬ್ರು ಮೇಡಂ, ಗಂಡನ ನೌಕರಿ ಸಲುವಾಗಿ ಜಪಾನಿನ್ಯಾಗ ಇದ್ದು ಬಂದವರು, ಮನ್ಯಾಗ ಜಪಾನಿ ಕಲಿಸ್ತಾರ. ಅವರದು ಒಂದ ರೂಲು. ಇಷ್ಟ ಆದ ಸಿನಿಮಾ ನೋಡು, ಅದರ ಬಗ್ಗೆ ಒಂದು ಪುಟ ಜಪಾನಿಯಾಗ ಬರಕೊಂಡು ಬಾ.

ಸಿನಿಮಾ ನೋಡೋದೇ ಹೋಮ್‌ವರ್ಕ್. ಇಂಥ ಭಾಷಾ ಬಿಟ್ಟು ನಾವು ಇಷ್ಟು ವರ್ಷ ಏನು ಓದಾಕತ್ತಿದ್ವಿ?

ನನಗ ಹೊಡೆದಾಟದ ಸಿನಿಮಾ ಬೇಕು. ಹೀರೋ ಬಂಡಿ ನೊಗ ಕಿತ್ತು ನಲವತ್ತು ಮಂದೀಗೆ ಬಾರಸ್ತಾನ (ಹತ್ತು ಮಂದಿ ಇರಬೇಕು, ನಾ ಬರದ್ರ ನಲವತ್ತಾಗ್ತದ). ನಾ ಕಲಿತ ಜಪಾನಿಯಾಗ ಅದು ಹಿಂಗ ಬರ್ತದ: "ಅವರಿಗೆ ಸ್ವಲ್ಪ ಸಿಟ್ಟು ಬಂತು. ಕ್ಷಮಿಸಿ ಅಂದರು. ಹೊಡೆದರು."

ಮೇಡಂ ನಕ್ಕು ನಕ್ಕು ಕಣ್ಣು ಒರಸಿಕೊಂಡ್ರು. "ನಿನ್ನ ಹೀರೋ ಬಾಳ ಮರ್ಯಾದಸ್ಥ ಇದ್ದಾನಪ್ಪಾ." ಆಮ್ಯಾಲೆ ಅಂದ್ರು, "ಅವನ ತಾಯಿ ಬಾಗಲಾಗ ನಿಂತಿದ್ದು ಬರದೀಯಲ್ಲ, ಅದು ಚಂದ ಅದ. ಹಂಗ ಬರಿ."

ಅದೊಂದು ಮಾತಿಗೆ ನಾ ಎರಡು ದಿನ ಊಟಾನೇ ಮಾಡಲಿಲ್ಲ. (ಸುಳ್ಳು. ಎರಡು ರೊಟ್ಟಿ ಜಾಸ್ತಿ ತಿಂದೆ.)

ನಮ್ಮಪ್ಪಂದು ರೈಸ್ ಮಿಲ್. ಅಕ್ಕಿ ಸ್ಯಾಂಪಲ್ ಅಂಗೈಯಾಗ ಹಾಕಿ ತೋರಿಸ್ತಾರಲ್ಲ, ಹಂಗ ನನ್ನ ಜಪಾನೀನ ಬಂದವರಿಗೆಲ್ಲ ತೋರಿಸ್ತಿದ್ದ.

ಹೋದ ವಾರ ಮಿಲ್ಲಿಗೆ ಹೊಸ ಮಷಿನ್ ಬಂತು. ಕರಿ ಅಕ್ಕಿ, ಕಲ್ಲು ನೋಡಿ ಆರಿಸೋ ಮಷಿನ್. ಏಜೆಂಟ್ "ಜಪಾನ್ ಮಾಲ್" ಅಂದಿದ್ದ. ಅಪ್ಪ ಅದನ್ನ ನಂಬಿ ಊರ ತುಂಬ ಹೇಳಿದ್ದಲ್ದ, ದೇವದುರ್ಗ ತಾಲೂಕು ಗಬ್ಬೂರಿನ ನಮ್ಮ ಸೋದರಮಾವನ ಕಡಿಂದನೂ ಅವನ ಮಿಲ್ಲಿಗೆ ಇಂಥದ ಒಂದು ಬುಕ್ ಮಾಡಿಸಿದ್ದ.

ಪೂಜಿಗೆ ಮಾವ ಬಂದ, ಬ್ಯಾರೆ ಮಿಲ್ಲಿನ ಸಾವುಕಾರ್ರೂ ಬಂದ್ರು. ಪೂಜಿ ಮಾಡೋ ಅಯ್ನೋರು ಮಷಿನ್ನಿಗೆ ಹಣಿ ಎಲ್ಲದ ಅಂತ ಸುತ್ತ ಹುಡುಕಿ, ಮುಚ್ಚಳ ತೆಗಸಿ, ಒಳಗಿನ ಗಾಜಿಗೆ ದಪ್ಪಗ ಮೂರು ಬಟ್ಟು ವಿಭೂತಿ ಎಳದ್ರು. ಸ್ವಿಚ್ ಹಾಕಿದ್ರ ಕೆಂಪು ಲೈಟು. ಒಳ್ಳೆ ಅಕ್ಕೀನೂ ತೆಗೆದು ಒಗೀತು. ಸ್ಕ್ರೀನ್ ಮ್ಯಾಲೆ ಏನೋ ಬರಹ.

"ಬಾರಲೇ, ಓದು" ಅಂದ ಅಪ್ಪ. "ಓದಿದ್ರ ವರ್ಷಪೂರ್ತಿ ರಾಯಚೂರಿಗೆ ಹೋಗು. ಇಲ್ಲಂದ್ರ ಶನಿವಾರ ಮಿಲ್ಲಿನ್ಯಾಗ ಕೂಡು."

ಕಾಲರ್ ಸರಿ ಮಾಡಕೊಂಡು ನಿಂತೆ. ಜಪಾನಿ ಬರಹದಾಗ ಚಿತ್ರದಂಥ ದೊಡ್ಡ ಅಕ್ಷರದ ನಡುವ ಸಣ್ಣ ಸೊಟ್ಟ ಅಕ್ಷರ ಇರ್ತಾವ. ಇಲ್ಲಿ ಹುಡುಕಿದ್ರ ಆ ಸಣ್ಣದು ಒಂದೂ ಇಲ್ಲ, ಬರೇ ದೊಡ್ಡವು.

"ಯಪ್ಪಾ, ಇದು ಚೀನಾದ್ದು."

ಮಾವ ಚಾ ಕಪ್ಪು ಕೆಳಗಿಟ್ಟ. "ಓದಾಕ ಬರಂಗಿಲ್ಲ ಅಂತ ಹೇಳಲೇ. ಚೀನಾ ತನಕ ಯಾಕ ಓಡ್ತಿ?"

ಅಪ್ಪ ಕಿವಿ ಹತ್ರ ಬಂದ. "ಜಪಾನ್ ಅನ್ನು. ಸಾಕು."

ನೋಡ್ರಿ, ನಾ ಸುಳ್ಳಿಗೆ ಹೆದರೋ ಪೈಕಿ ಅಲ್ಲ. ಆದ್ರ ನನಗ ಖರೇನ ಬರೋದು ಇದೊಂದ. ಇದರಾಗೂ ಸುಳ್ಳು ಹೇಳಿದ್ರ ನನ್ನ ಹತ್ರ ಉಳಿಯೋದೇನು?

ಫೋಟೋ ಮೇಡಂಗೆ ಕಳಿಸಿದೆ. "ಚೀನಿ ಭಾಷಾ ಅದು" ಅಂತ ಬಂತು. ಫೋನ್ ಕ್ಯಾಮೆರಾ ಹಿಡಿದು ಅರ್ಥ ತೆಗದೆ: ಗಾಜು ಹೊಲಸಾಗಿದೆ, ಒರೆಸಿ. ಹಸಿ ಬಟ್ಟಿ ತಗೊಂಡು ಒರಸಿದೆ. ಮಲ್ಲಿಗಿ ಹಂಗ ಅಕ್ಕಿ ಉದುರಿತು.

ಚಪ್ಪಾಳಿ ಬಿತ್ತಾ? ಎಲ್ಲಿದು ಬಿಡ್ರಿ.

"ವಿಭೂತಿ ಒರಸಿದ್ಯಲ್ಲೋ ಪಾಪಿ" ಅಂದ ಮಾವ.

ಅಪ್ಪ ಎಲ್ಲರ ಮುಂದ ದೊಡ್ಡದಾಗಿ ನಕ್ಕ. "ಮಷಿನ್ ಜಪಾನಿಂದೇ ಅದರಿ. ಡುಪ್ಲಿಕೇಟ್ ಇರೋದು ನನ್ನ ಮಗನ ಜಪಾನಿ."

ಎಲ್ಲರೂ ನಕ್ರು. ಮಾವ ಚಾ ಕಪ್ಪು ಮತ್ತ ಎತ್ತಿದ.

ಸಂಜಿಗೆ ಅಪ್ಪ ಒಬ್ಬನೇ ಸಿಕ್ಕಾಗ ಕೇಳಿದೆ. "ಚೀನಾದ್ದು ಅಂತ ನಿನಗ ಗೊತ್ತಾತಲ್ಲ?"

"ಗೊತ್ತಾತು."

"ಮತ್ತ ಕ್ಲಾಸು? ಓದಿದ್ರ ಹೋಗು ಅಂದಿದ್ದಿ."

ಅಪ್ಪ ಕಣ್ಣು ಕೆಳಗ ಹಾಕಿದ. "ನೀ ರಾಯಚೂರಿಗೆ ಹೊಂಟ್ರ ಹುಡುಗಗ ಜಪಾನಿ ಬರ್ತದ ಅಂತ ಮಂದಿ ತಿಳೀತಾರ. ಆಗ ನಿನ್ನ ಮಾತೂ ಖರೇ ಆತು, ಮಷಿನ್ ಎಲ್ಲಿದಾತು, ನೀನ ಹೇಳು."

ಲೆಕ್ಕ ಸರಿ ಅದ. ಅದಕ್ಕೇ ಹೊಟ್ಟಿ ಉರೀತದ. ಏಜೆಂಟನ ಸುಳ್ಳು ಮಿಲ್ಲಿನ್ಯಾಗ ಹಾರ ಹಾಕಿಸಿಕೊಂಡು ನಿಂತದ. ಈ ಶನಿವಾರ ನಾ ಅದರ ಬಾಜು ಕುರ್ಚಿ ಮ್ಯಾಲೆ ಕುಂತೀನಿ. ಮೇಡಂ "ಈ ವಾರ ಯಾವ ಸಿನಿಮಾ?" ಅಂತ ಕೇಳ್ಯಾರ.

ಅಪ್ಪನ ಇಜ್ಜತ್ ಉಳೀಬೇಕಂದ್ರ ಮಗ ಇನ್ನೂ ಏನೇನು ಮರೀಬೇಕು, ನೀವ ಹೇಳ್ರಿ?